ಹಾಲಿನ ಬಿಲ್‌ನಲ್ಲಿ ಪೊಲೀಸರ ಪಾಲು

ಒಕ್ಲಹೋಮ ಸಿಟಿಯ ಒಂದು ಸೂಪರ್‌ಮಾರ್ಕೆಟ್ ಅಂದುಕೊಳ್ಳಿ. ಗಾಡಿಯಲ್ಲಿ ಹಾಲು, ಮೊಟ್ಟೆ, ಅಕ್ಕಿ, ಬೇಳೆ, ಒಂದಿಷ್ಟು ತರಕಾರಿ. ಲೆಕ್ಕಕ್ಕೆ ಸುಲಭವಾಗಲಿ ಅಂತ ಎಲ್ಲ ಸೇರಿ ಸರಿಯಾಗಿ 100 ಡಾಲರ್ ಇಟ್ಟುಕೊಳ್ಳೋಣ. ಕೌಂಟರಿನಲ್ಲಿ ಕೊಡಬೇಕಾದ್ದು 104 ಡಾಲರ್, ಮೇಲೊಂದು ಹನ್ನೆರಡು-ಹದಿಮೂರು ಸೆಂಟು. ಬಿಲ್‌ನ ಕೆಳಗೆ 'ಟ್ಯಾಕ್ಸ್' ಅಂತ ಒಂದೇ ಸಾಲು.

ಆ ಸಾಲನ್ನು ಬಿಡಿಸಿದರೆ ಒಳಗೆ ಒಂದು ಊರಿನ ಮೂವತ್ತೈದು ವರ್ಷದ ರಾಜಕೀಯ ಸಿಗುತ್ತದೆ. 2 ಡಾಲರ್ 25 ಸೆಂಟು ನಗರದ ಸಾಮಾನ್ಯ ಖಜಾನೆಗೆ ಹೋಗುತ್ತದೆ. 1 ಡಾಲರ್ 'ಮ್ಯಾಪ್ಸ್' ಅನ್ನುವ ಯೋಜನೆಗೆ, ಅಂದರೆ ಪಾರ್ಕು, ಕ್ರೀಡಾಂಗಣ, ಸಮುದಾಯ ಕೇಂದ್ರಗಳಿಗೆ. ಹನ್ನೆರಡೂವರೆ ಸೆಂಟು ಮೃಗಾಲಯಕ್ಕೆ. ಹೌದು, ಮೃಗಾಲಯಕ್ಕೇ. 1990ರಲ್ಲಿ ಅಲ್ಲಿನ ಜನ ಮತ ಹಾಕಿ, ಆನೆ-ಜಿರಾಫೆಗಳ ಖರ್ಚಿಗೆ ಅಂತ ಡಾಲರಿಗೆ ಅರೆಕಾಲು ಸೆಂಟು ಬರೆದುಕೊಟ್ಟರು. ಉಳಿಯಿತು 75 ಸೆಂಟು. ಅದರಲ್ಲಿ ಅರ್ಧ ಪೊಲೀಸರಿಗೆ, ಅರ್ಧ ಅಗ್ನಿಶಾಮಕ ದಳಕ್ಕೆ. ಇದು 1989ರ ಮತದಾನದ ಫಲ. ಡಾಲರಿಗೆ ಮುಕ್ಕಾಲು ಸೆಂಟು, ಇಬ್ಬರಿಗೂ ಸಮಪಾಲು, ಬೇರೆ ಯಾರೂ ಮುಟ್ಟುವ ಹಾಗಿಲ್ಲ.

ಇಂಥ ಮೀಸಲು ಮಾರಾಟ ತೆರಿಗೆ ಅಮೆರಿಕದ ಊರೂರಲ್ಲೂ ಚರ್ಚೆಯಲ್ಲಿದೆ. ಪೊಲೀಸ್, ಫೈರ್ ಸ್ಟೇಷನ್, ಆಂಬುಲೆನ್ಸ್ ಖರ್ಚು ಏರುತ್ತಾ ಇದೆ. ಹಣ ಎಲ್ಲಿಂದ ಅಂತ ಕೇಳಿದಾಗ ಮೊದಲು ನೆನಪಾಗುವುದು ಅಂಗಡಿಯ ಕೌಂಟರು. 2026ರ ಜನವರಿಯಿಂದ ಸಿಯಾಟಲ್‌ನಲ್ಲೂ ಇದು ಶುರುವಾಗಿದೆ. ಮೇಲುನೋಟಕ್ಕೆ ಸರಳ ವ್ಯವಹಾರ: ಜನ ಒಂದು ಕೆಲಸಕ್ಕೆ ಅಂತ ಹಣ ಕೊಡುತ್ತಾರೆ, ಹಣ ಆ ಕೆಲಸಕ್ಕೇ ಹೋಗುತ್ತದೆ. ಅಷ್ಟು ಸರಳ ಇದ್ದಿದ್ದರೆ ಇಷ್ಟುದ್ದ ಬರೆಯುವ ಅಗತ್ಯ ಇರುತ್ತಿರಲಿಲ್ಲ.

ಮೊದಲು ಒಂದು ಪ್ರಶ್ನೆ. ಪೊಲೀಸರ ಸಂಬಳಕ್ಕೂ ಹಾಲಿನ ಬಿಲ್‌ಗೂ ಏನು ಸಂಬಂಧ? ನಮ್ಮಲ್ಲಿ ಪೊಲೀಸ್ ಇಲಾಖೆ ರಾಜ್ಯ ಸರ್ಕಾರದ್ದು. ಬೆಂಗಳೂರಿನ ಕಾನ್‌ಸ್ಟೇಬಲ್‌ಗೆ ಸಂಬಳ ಬರುವುದು ವಿಧಾನಸೌಧದ ಬಜೆಟ್‌ನಿಂದ, ಪಾಲಿಕೆಗೆ ಅದರ ಗೊಡವೆಯೇ ಇಲ್ಲ. ಅಮೆರಿಕದಲ್ಲಿ ಹಾಗಲ್ಲ. ಸಾಮಾನ್ಯವಾಗಿ ಊರಿನ ಪೊಲೀಸರನ್ನು ಊರೇ ಸಾಕಬೇಕು, ಫೈರ್ ಇಂಜಿನ್ನೂ ಊರಿನದೇ. ಹೆಚ್ಚಿನ ನಗರಗಳಲ್ಲಿ ಸಾಮಾನ್ಯ ಖಜಾನೆಯ ದೊಡ್ಡ ಖರ್ಚು ಇವೆರಡೇ. ಒಕ್ಲಹೋಮ ಸಿಟಿಯಲ್ಲಂತೂ ಅರ್ಧಕ್ಕಿಂತ ಜಾಸ್ತಿ.

ಆದಾಯದ ಕಡೆ ಒಕ್ಲಹೋಮದ್ದು ಒಂದು ವಿಚಿತ್ರ. ಆ ರಾಜ್ಯದ ನಗರಗಳು ಆಸ್ತಿ ತೆರಿಗೆಯನ್ನು ದಿನನಿತ್ಯದ ಖರ್ಚಿಗೆ ಬಳಸುವ ಹಾಗಿಲ್ಲ. ಸಾಲ ತೀರಿಸಲು, ಕೋರ್ಟು ಹೇಳಿದ ಪರಿಹಾರ ಕೊಡಲು ಮಾತ್ರ ಅದು. ಸಂಬಳ, ಪೆಟ್ರೋಲು, ಬೀದಿ ದೀಪ ಎಲ್ಲಕ್ಕೂ ಮಾರಾಟ ತೆರಿಗೆಯೇ ಆಧಾರ. ಹಾಗಾಗಿ ಅಲ್ಲಿ ಮೇಯರ್ ಆದವರಿಗೆ ಒಂದು ದೊಡ್ಡ ಅಂಗಡಿ ಊರಿನೊಳಗೆ ಬರುತ್ತದೋ ಪಕ್ಕದ ಮೂರ್‌ಗೋ ಎಡ್ಮಂಡ್‌ಗೋ ಹೋಗುತ್ತದೋ ಅನ್ನುವುದು ಜೀವನ್ಮರಣದ ಪ್ರಶ್ನೆ. ಕಳ್ಳರು ಎಲ್ಲಿ ಜಾಸ್ತಿ, ಬೆಂಕಿ ಎಲ್ಲಿ ಜಾಸ್ತಿ ಅನ್ನುವುದು ಒಂದು ಲೆಕ್ಕ. ಜನ ಟಿವಿ, ಸೋಫಾ ಎಲ್ಲಿ ಕೊಳ್ಳುತ್ತಾರೆ ಅನ್ನುವುದು ಇನ್ನೊಂದು ಲೆಕ್ಕ. ಪೊಲೀಸರ ಸಂಬಳ ನಿಂತಿರುವುದು ಎರಡನೆಯದರ ಮೇಲೆ.

ಮನೆಯ ಉದಾಹರಣೆ ಕೊಟ್ಟರೆ ಮೀಸಲು ನಿಧಿಯ ಗುಟ್ಟು ಬೇಗ ಅರ್ಥವಾಗುತ್ತದೆ. ಗಂಡ ತಿಂಗಳಿಗೆ 2,000 ರೂಪಾಯಿ ಮಗಳ ಫೀಸಿಗೆ ಅಂತ ಕೊಡುತ್ತಿದ್ದ. ಸಾಲದು ಅಂತ ಹೆಂಡತಿ ಹಾಲು ಮಾರಿದ ದುಡ್ಡಲ್ಲಿ 500 ರೂಪಾಯಿ ಸಾಸಿವೆ ಡಬ್ಬಿಯಲ್ಲಿ ಹಾಕಿಡಲು ಶುರು ಮಾಡಿದಳು. ಡಬ್ಬಿ ಭದ್ರವಾಗಿದೆ, ಒಂದು ಪೈಸೆ ಬೇರೆ ಕಡೆ ಹೋಗಿಲ್ಲ. ಆದರೆ ಮೂರನೇ ತಿಂಗಳಿಂದ ಗಂಡ ಕೊಡುವುದು 1,500. "ಡಬ್ಬಿಯಲ್ಲಿ ಇದೆಯಲ್ಲ, ಸಾಕಲ್ವಾ?" ಅಂತಾನೆ. ಡಬ್ಬಿಯ ಲೆಕ್ಕ ಕೇಳಿದರೆ ಎಲ್ಲ ಸರಿ ಇದೆ. ಮಗಳಿಗೆ ಮಾತ್ರ ಒಂದು ರೂಪಾಯಿಯೂ ಜಾಸ್ತಿ ಸಿಕ್ಕಿಲ್ಲ.

ನಗರಗಳಲ್ಲಿ ನಡೆಯುವುದೂ ಇದೇ. ತೆರಿಗೆ ಹಣ ಪೊಲೀಸರಿಗೇ ಹೋಯಿತಾ ಅಂತ ಆಡಿಟ್ ಮಾಡುವುದು ಸುಲಭ. ಹೋಗಿರುತ್ತದೆ. ಕೇಳಬೇಕಾದ್ದು ಬೇರೆ: ಸಾಮಾನ್ಯ ಖಜಾನೆಯಿಂದ ಪೊಲೀಸರಿಗೆ ಮೊದಲು ಬರುತ್ತಿದ್ದ ಪಾಲು ಅಷ್ಟೇ ಉಳಿಯಿತಾ? ಅದು ನಿಧಾನಕ್ಕೆ ಸರಿದು ರಸ್ತೆಗೋ ಪಿಂಚಣಿಗೋ ಹೋಗಿದ್ದರೆ, 'ಸುರಕ್ಷತಾ ತೆರಿಗೆ' ಅನ್ನುವುದು ಬರೀ ಹೆಸರು. ಹಾಗೆ ಮಾಡಿದ್ದು ತಪ್ಪು ಅಂತ ನಾನೇನೂ ಹೇಳುತ್ತಿಲ್ಲ. ರಸ್ತೆಯೂ ಬೇಕು, ಪಿಂಚಣಿಯೂ ಕೊಡಲೇಬೇಕು. ಆದರೆ ಜನರ ಹತ್ತಿರ ಮತ ಕೇಳಿದ್ದು ಇನ್ನೊಂದರ ಹೆಸರಲ್ಲಿ ಅಲ್ವಾ?

ಒಕ್ಲಹೋಮ ಸಿಟಿಯಲ್ಲೇ ಎರಡು ಬಗೆಯನ್ನೂ ನೋಡಬಹುದು. 1989ರ ಮುಕ್ಕಾಲು ಸೆಂಟು ಪಕ್ಕಾ ಮೀಸಲು. 2017ರ ಸೆಪ್ಟೆಂಬರ್ 12ರಂದು ಜನ ಇನ್ನೊಂದು ಕಾಲು ಸೆಂಟಿಗೆ ಒಪ್ಪಿಗೆ ಕೊಟ್ಟರು. ಪ್ರಚಾರದಲ್ಲಿ ಇದೂ ಪೊಲೀಸರ, ಅಗ್ನಿಶಾಮಕದವರ ಹೊಸ ನೇಮಕದ ಹೆಸರಿನಲ್ಲೇ ಬಂತು. ಆದರೆ ಈ ಕಾಲು ಸೆಂಟು ಸೇರಿದ್ದು ಸಾಮಾನ್ಯ ಖಜಾನೆಗೆ. ಬಿಲ್‌ನಲ್ಲಿ 2 ಡಾಲರ್ ಇದ್ದದ್ದು 2 ಡಾಲರ್ 25 ಸೆಂಟು ಆಗಿದ್ದು ಹಾಗೆ. ಒಂದಕ್ಕೆ ಬೀಗ ಹಾಕಿದ ಡಬ್ಬಿ, ಇನ್ನೊಂದಕ್ಕೆ ಬಾಯಿಮಾತು. ಬೀಗ ಹಾಕಿದ್ದು ಬಾಗುವುದಿಲ್ಲ, ಬಾಯಿಮಾತು ಎಷ್ಟು ಬೇಕಾದರೂ ಬಾಗುತ್ತದೆ.

ಹಾಗಂತ ಬೀಗವೇ ಒಳ್ಳೆಯದು ಅಂತಲೂ ಅಲ್ಲ. ಕಚ್ಚಾ ತೈಲದ ಬೆಲೆ 2020ರ ಏಪ್ರಿಲ್ 20ರಂದು ಮೈನಸ್ 37 ಡಾಲರಿಗೆ ಬಿತ್ತು, ನೆನಪಿದೆಯಾ? ಕೊಳ್ಳುವವರಿಗೇ ದುಡ್ಡು ಕೊಟ್ಟು ತೈಲ ಹೊರಿಸುವ ಸ್ಥಿತಿ. ಆ ವ್ಯವಹಾರದಲ್ಲಿ ತೈಲ ಕೈಬದಲಾಗುವ ಜಾಗ ಕುಶಿಂಗ್, ಅದೇ ರಾಜ್ಯದ ಒಂದು ಸಣ್ಣ ಊರು. ತೈಲ ಬಿದ್ದಾಗ ಒಕ್ಲಹೋಮದಲ್ಲಿ ಕೆಲಸ ಹೋಗುತ್ತದೆ. ಕೆಲಸ ಹೋದವರು ಸೋಫಾ ಕೊಳ್ಳುವುದಿಲ್ಲ. ಮಾರಾಟ ತೆರಿಗೆ ತಕ್ಷಣ ಇಳಿಯುತ್ತದೆ. ಫೈರ್ ಸ್ಟೇಷನ್‌ಗೆ ಬರುವ ಫೋನ್ ಇಳಿಯುವುದಿಲ್ಲ. ಆಸ್ತಿ ತೆರಿಗೆಯಾದರೆ ಮನೆಗಳು ಇದ್ದಲ್ಲೇ ಇರುತ್ತವೆ, ಆದಾಯ ಕುಸಿಯಲು ಒಂದೆರಡು ವರ್ಷವಾದರೂ ಬೇಕು. ಮಾರಾಟ ತೆರಿಗೆಗೆ ಅಷ್ಟು ತಾಳ್ಮೆ ಇಲ್ಲ. ಆಗ ಪೊಲೀಸ್, ಫೈರ್‌ನ ಮೀಸಲು ಹಣವೂ ಇಳಿಯುತ್ತದೆ. ಅದನ್ನು ತುಂಬಲು ಸಾಮಾನ್ಯ ಖಜಾನೆಯತ್ತ ನೋಡಬೇಕು, ಅದೂ ಇಳಿದಿರುತ್ತದೆ. ಕೊನೆಗೆ ಕತ್ತರಿ ಬೀಳುವುದು ಬೀಗವೂ ಇಲ್ಲದ, ಸಂಘವೂ ಬಲವಿಲ್ಲದ ಕೆಲಸಗಳ ಮೇಲೆ. ಪಾರ್ಕಿನ ಮಾಲಿ, ರಸ್ತೆ ಗುಂಡಿ ಮುಚ್ಚುವವರು, ಹೀಗೆ.

ಇನ್ನು ಯಾರು ಕೊಡುತ್ತಾರೆ ಅನ್ನುವ ಮಾತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ನಮ್ಮಲ್ಲಿ ಗಾದೆಯೇ ಇದೆ. ಕೌಂಟರಿನ ಯಂತ್ರ ನಿಮ್ಮ ಸಂಬಳ ಕೇಳುವುದಿಲ್ಲ. ವರ್ಷಕ್ಕೆ ಎರಡು ಲಕ್ಷ ಡಾಲರ್ ದುಡಿಯುವವರಿಗೂ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರಿಗೂ ಹಾಲಿನ ಮೇಲೆ ಅದೇ ದರ. ಬಡವರ ದುಡಿಮೆ ಹೆಚ್ಚುಕಡಿಮೆ ಎಲ್ಲವೂ ಅಂಗಡಿಗೆ ಹೋಗುತ್ತದೆ. ಶ್ರೀಮಂತರದ್ದು ಷೇರಿಗೂ ಉಳಿತಾಯಕ್ಕೂ ಹೋಗುತ್ತದೆ, ಅಲ್ಲಿ ಈ ತೆರಿಗೆ ಇಲ್ಲ. ಒಕ್ಲಹೋಮ ರಾಜ್ಯ ಸರ್ಕಾರ 2024ರ ಆಗಸ್ಟ್ 29ರಿಂದ ದಿನಸಿ ಮೇಲಿದ್ದ ತನ್ನ ಶೇ 4.5 ತೆರಿಗೆಯನ್ನು ಪೂರ್ತಿ ತೆಗೆಯಿತು. ಗವರ್ನರ್ ಕೆವಿನ್ ಸ್ಟಿಟ್ ಸಹಿ ಹಾಕಿದ ಕಾನೂನು ಅದು. ಅದಕ್ಕೇ ನಮ್ಮ ಬಿಲ್ 104 ಡಾಲರಿಗೆ ನಿಂತಿದ್ದು. ಅದೇ 100 ಡಾಲರಿಗೆ ಶರ್ಟು ಕೊಂಡಿದ್ದರೆ ತೆರಿಗೆ ಎಂಟೂವರೆ ಡಾಲರ್ ದಾಟುತ್ತಿತ್ತು. ರಾಜ್ಯ ಬಿಟ್ಟುಕೊಟ್ಟರೂ ನಗರಗಳ ತೆರಿಗೆ ದಿನಸಿ ಮೇಲೆ ಉಳಿಯಿತು. ಬಿಡಲು ನಗರಗಳಿಗೆ ಆಗುವುದೂ ಇಲ್ಲ, ಅವರ ಹತ್ತಿರ ಬೇರೆ ಏನಿದೆ? ಪೊಲೀಸರ ಸಂಬಳದ ಒಂದು ಚೂರು ಇವತ್ತಿಗೂ ಅಕ್ಕಿ ಬೇಳೆಯಿಂದಲೇ ಬರುತ್ತಿದೆ.

ತೆರಿಗೆ ಪರವಾಗಿ ಮಾತಾಡುವವರ ಹತ್ತಿರ ಒಂದು ಗಟ್ಟಿ ವಾದ ಇದೆ. ಪಕ್ಕದ ಊರಿನಿಂದ ಬಂದು ಹೋಗುವವರೂ ನಮ್ಮ ರಸ್ತೆ ಬಳಸುತ್ತಾರೆ, ಅಪಘಾತವಾದರೆ ನಮ್ಮ ಆಂಬುಲೆನ್ಸೇ ಹೋಗಬೇಕು, ಅವರೂ ಒಂದಿಷ್ಟು ಕೊಡಲಿ ಅಂತ. ಆಸ್ತಿ ತೆರಿಗೆಯಲ್ಲಿ ಅವರು ಸಿಗುವುದಿಲ್ಲ, ಮಾರಾಟ ತೆರಿಗೆಯಲ್ಲಿ ಸಿಗುತ್ತಾರೆ. ಇದು ನ್ಯಾಯವಾದ ಮಾತೇ.

ಟೆಕ್ಸಸ್‌ನಲ್ಲಿ ಇದಕ್ಕೆ ಒಂದು ಪ್ರತ್ಯೇಕ ವ್ಯವಸ್ಥೆಯನ್ನೇ ಮಾಡಿದ್ದಾರೆ. 'ಕ್ರೈಮ್ ಕಂಟ್ರೋಲ್ ಅಂಡ್ ಪ್ರಿವೆನ್ಷನ್ ಡಿಸ್ಟ್ರಿಕ್ಟ್' ಅಂತ ಹೆಸರು. ಅಪರಾಧ ತಡೆಗೆ ಅಂತಲೇ ಒಂದು ತೆರಿಗೆ ವಲಯ. ಫೋರ್ಟ್ ವರ್ತ್ ನಗರದ ಜನ 1995ರಲ್ಲಿ ಡಾಲರಿಗೆ ಅರ್ಧ ಸೆಂಟು ಒಪ್ಪಿದರು. 90ರ ದಶಕದ ಶುರುವಿನಲ್ಲಿ ಅಲ್ಲಿ ಅಪರಾಧ ವಿಪರೀತ ಇತ್ತು. ಇದರ ವಿಶೇಷ ಏನಂದರೆ ಇದು ಶಾಶ್ವತ ಅಲ್ಲ, ಇಷ್ಟು ವರ್ಷ ಅಂತ ಗಡುವು. ಗಡುವು ಮುಗಿದಾಗ ಮತ್ತೆ ಜನರ ಹತ್ತಿರ ಹೋಗಬೇಕು. 2020ರ ಜುಲೈ 14ರಂದು ಹಾಗೇ ಹೋಗಬೇಕಾಗಿ ಬಂತು. ದಿನಾಂಕ ಗಮನಿಸಿ. ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವರ್ಣೀಯ ಪೊಲೀಸರ ಕೈಯಲ್ಲಿ ಸತ್ತು ಎರಡು ತಿಂಗಳೂ ಆಗಿರಲಿಲ್ಲ. ಫೋರ್ಟ್ ವರ್ತ್‌ನಲ್ಲೇ 2019ರ ಅಕ್ಟೋಬರಿನಲ್ಲಿ ಅಟಾಟಿಯಾನಾ ಜೆಫರ್ಸನ್ ಎಂಬ ಯುವತಿಯನ್ನು ಅವಳ ಮನೆಯೊಳಗೇ ಒಬ್ಬ ಪೊಲೀಸ್ ಗುಂಡಿಟ್ಟು ಕೊಂದಿದ್ದ. ಪೊಲೀಸರ ದುಡ್ಡು ಕಡಿಮೆ ಮಾಡಿ ಅನ್ನುವ ಕೂಗು ದೇಶದ ತುಂಬ ಇತ್ತು. ವರ್ಷಕ್ಕೆ ಸುಮಾರು 8 ಕೋಟಿ ಡಾಲರ್ ತರುವ ತೆರಿಗೆ. ಬೀದಿಯಲ್ಲಿ ಜೋರು ಚರ್ಚೆಯಾಯಿತು, ಅರ್ಧ ಸೆಂಟನ್ನು ಬಸ್ಸಿಗೆ ಕೊಡಿ ಅಂದವರೂ ಇದ್ದರು. ಕೊನೆಗೆ ಜನ ತೆರಿಗೆ ಉಳಿಸಿದರು. ಈ ಸಲ ಗಡುವು ಹತ್ತು ವರ್ಷ.

ಫಲಿತಾಂಶ ಏನೇ ಇರಲಿ, ನನಗೆ ಹಿಡಿಸಿದ್ದು ಆ ಚರ್ಚೆ. ಅರ್ಧ ಸೆಂಟಿಗೆ ಗಡುವು ಇರದಿದ್ದರೆ ಆ ಬೇಸಿಗೆಯಲ್ಲಿ ಪೊಲೀಸರ ಖರ್ಚಿನ ಪಟ್ಟಿಯನ್ನು ಸಾಮಾನ್ಯ ಜನ ಕೈಗೆತ್ತಿಕೊಂಡು ಓದುತ್ತಲೇ ಇರಲಿಲ್ಲ. ಎಷ್ಟು ಕಾರು, ಎಷ್ಟು ಶಾಲೆಗಳಲ್ಲಿ ಪೊಲೀಸರು, ಸ್ಥಳೀಯ ಸಂಸ್ಥೆಗಳಿಗೆ ಎಷ್ಟು, ಎಲ್ಲ ಹೊರಗೆ ಬಂತು.

ಡಾಲಸ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಇಲ್ಲೊಂದು ಪುಟ್ಟ ಲೆಕ್ಕ. ಟೆಕ್ಸಸ್‌ನಲ್ಲಿ ರಾಜ್ಯದ ತೆರಿಗೆ ಶೇ 6.25, ಊರಿನವರು ಎಲ್ಲ ಸೇರಿ ಹಾಕಬಹುದಾದ್ದು ಗರಿಷ್ಠ ಶೇ 2. ಪ್ಲೇನೋ, ಅರ್ವಿಂಗ್ ನಗರಗಳಲ್ಲಿ ಈ ಎರಡರಲ್ಲಿ ಒಂದು ಸೆಂಟು ನಗರಕ್ಕೆ, ಇನ್ನೊಂದು ಪೂರ್ತಿ ಸೆಂಟು ಡಾರ್ಟ್ ಅನ್ನುವ ಡಾಲಸ್ ಸುತ್ತಿನ ಸಾರಿಗೆ ಸಂಸ್ಥೆಯ ರೈಲು-ಬಸ್ಸಿಗೆ. ಅಲ್ಲಿಗೆ ಜಾಗ ಮುಗಿಯಿತು. ಪೊಲೀಸರಿಗೆ ಬೇರೆ ಅರ್ಧ ಸೆಂಟು ಹಾಕಬೇಕೆಂದರೂ ಆಗದು. ಫೋರ್ಟ್ ವರ್ತ್ ಡಾರ್ಟ್‌ನಲ್ಲಿಲ್ಲ. ತನ್ನದೇ ಸಾರಿಗೆಗೆ ಅರ್ಧ ಸೆಂಟು, ಪೊಲೀಸರಿಗೆ ಅರ್ಧ ಸೆಂಟು ಅಂತ ಹಂಚಿಕೊಂಡಿದೆ. ಒಂದು ಊರು ರೈಲನ್ನು ಆರಿಸಿತು, ಇನ್ನೊಂದು ಊರು ರೈಲು-ಪೊಲೀಸ್ ಅರ್ಧರ್ಧ ಮಾಡಿತು. ಪೊಲೀಸ್ ತೆರಿಗೆ ಬೇಕಾ ಬೇಡವಾ ಅಂತ ಕೇಳುವುದು ಅರ್ಧ ಪ್ರಶ್ನೆ. ಅದರ ಜಾಗದಲ್ಲಿ ಏನು ಬಿಟ್ಟುಕೊಡುತ್ತೀರಿ ಅನ್ನುವುದು ಉಳಿದರ್ಧ.

ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಕಥೆ ಇನ್ನೂ ಸ್ವಾರಸ್ಯ. ಆ ರಾಜ್ಯದಲ್ಲಿ 1978ರಿಂದ ಆಸ್ತಿ ತೆರಿಗೆಗೆ ಶೇ 1ರ ಮಿತಿ ಇದೆ. ಜೊತೆಗೆ ಇನ್ನೊಂದು ನಿಯಮ: ನಗರಸಭೆ ಒಂದು ಕೆಲಸಕ್ಕೇ ಮೀಸಲಾದ ತೆರಿಗೆ ತರಬೇಕೆಂದರೆ ಮೂರರಲ್ಲಿ ಎರಡು ಪಾಲು ಮತ ಬೇಕು, ಸಾಮಾನ್ಯ ಖಜಾನೆಗೆ ಹೋಗುವ ತೆರಿಗೆಯಾದರೆ ಅರ್ಧಕ್ಕಿಂತ ಒಂದು ಮತ ಜಾಸ್ತಿ ಸಾಕು. ತಮಾಷೆ ನೋಡಿ. ಜನರಿಗೆ ಇಂಥದ್ದಕ್ಕೇ ಖರ್ಚು ಮಾಡುತ್ತೇನೆ ಅಂತ ಕಾನೂನಿನಲ್ಲಿ ಮಾತು ಕೊಟ್ಟರೆ ಗೆಲ್ಲುವುದು ಕಷ್ಟ. ಮಾತು ಕೊಡದಿದ್ದರೆ ಸುಲಭ.

2008ರ ಆಸುಪಾಸಿನಲ್ಲಿ ಮನೆಗಳ ಬೆಲೆ ಬಿದ್ದು ಸ್ಟಾಕ್‌ಟನ್ ನೆಲಕಚ್ಚಿತು. ಪೊಲೀಸ್ ಪಡೆಯ ಸುಮಾರು ಕಾಲು ಭಾಗ ಕಡಿಮೆಯಾಯಿತು. 2012ರ ಜೂನ್‌ನಲ್ಲಿ ನಗರ ದಿವಾಳಿ ಅರ್ಜಿ ಹಾಕಿತು. ಮೂರು ಲಕ್ಷ ಜನರ ಊರಲ್ಲಿ ಅದೇ ವರ್ಷ 71 ಕೊಲೆ. 2013ರ ನವೆಂಬರಿನಲ್ಲಿ ನಗರಸಭೆ ಎರಡು ಪ್ರಶ್ನೆಗಳನ್ನು ಜನರ ಮುಂದಿಟ್ಟಿತು. ಮೊದಲನೆಯದು 'ಎ': ಡಾಲರಿಗೆ ಮುಕ್ಕಾಲು ಸೆಂಟು ತೆರಿಗೆ, ಸಾಮಾನ್ಯ ಖಜಾನೆಗೆ. ಎರಡನೆಯದು 'ಬಿ': ಅದರಲ್ಲಿ ಶೇ 65 ಪೊಲೀಸ್ ಮತ್ತು ಅಪರಾಧ ತಡೆಗೆ, ಉಳಿದದ್ದು ದಿವಾಳಿಯಿಂದ ಹೊರಬರಲು ಬಳಸಬೇಕಾ? ಆದರೆ 'ಬಿ' ಬರೀ ಸಲಹೆ. ಕಾನೂನಿನ ಬಲ ಇಲ್ಲ. 120 ಹೊಸ ಪೊಲೀಸರು ಅನ್ನುವ ಭರವಸೆಯೂ ಜೊತೆಗಿತ್ತು. ಎರಡೂ ಗೆದ್ದವು. 'ಎ'ಗೆ ಬಿದ್ದದ್ದು ಶೇ 52ರ ಆಸುಪಾಸು. ಮೀಸಲು ತೆರಿಗೆ ಅಂತ ಕೇಳಿದ್ದರೆ ಸೋಲುತ್ತಿತ್ತು.

ಇದನ್ನು ಮೋಸ ಅನ್ನಲೂ ಆಗದು, ಪ್ರಾಮಾಣಿಕ ಅನ್ನಲೂ ಮನಸ್ಸು ಬರುವುದಿಲ್ಲ. ದಿವಾಳಿಯಾದ ಊರಿಗೆ ಬೇರೆ ದಾರಿ ಇರಲಿಲ್ಲ. ಆಮೇಲೆ ಪೊಲೀಸ್ ಹುದ್ದೆಗಳು ಮಂಜೂರಾದವು, ಪಡೆ ಬೆಳೆಯಿತು. ಆದರೆ ಕೆಲವೇ ವರ್ಷಗಳಲ್ಲಿ ಇನ್ನೊಂದು ತೊಂದರೆ: ದುಡ್ಡಿದ್ದರೂ ಆ ಕೆಲಸಕ್ಕೆ ಬರುವ ಜನ ಸಾಕಷ್ಟು ಸಿಗಲಿಲ್ಲ. 2020ರ ಈಚೆಗೆ ಅಮೆರಿಕದ ಬಹಳ ಊರುಗಳ ಗೋಳು ಇದೇ.

ಹೆಚ್ಚು ಪೊಲೀಸರು ಇದ್ದರೆ ಅಪರಾಧ ನಿಜಕ್ಕೂ ಇಳಿಯುತ್ತಾ? ಕೊಲೆಗಳ ಮಟ್ಟಿಗೆ ಇಳಿಯುತ್ತದೆ ಅನ್ನುತ್ತವೆ ಲೆಕ್ಕಗಳು. ಅಮೆರಿಕದ ದೊಡ್ಡ ನಗರಗಳನ್ನು ಇಟ್ಟುಕೊಂಡು ಮಾಡಿದ ಒಂದು ಪ್ರಸಿದ್ಧ ಅಧ್ಯಯನದ ಪ್ರಕಾರ ಹೆಚ್ಚುವರಿ 10ರಿಂದ 17 ಪೊಲೀಸರಿಗೆ ವರ್ಷಕ್ಕೆ ಒಂದು ಕೊಲೆ ತಪ್ಪುತ್ತದೆ. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳುತ್ತದೆ: ಪೊಲೀಸರು ಜಾಸ್ತಿಯಾದಾಗ ಸಣ್ಣಪುಟ್ಟ ಕಾರಣಕ್ಕೆ ಬಂಧನಗಳೂ ಜಾಸ್ತಿ, ಅದರ ಪೆಟ್ಟು ಕಪ್ಪು ವರ್ಣೀಯರಿಗೆ ಹೆಚ್ಚು. ಮತಪತ್ರದ ಮೇಲೆ ಎರಡನೇ ಸಾಲು ಇರುವುದಿಲ್ಲ.

ಈಗ ಸಿಯಾಟಲ್. ವಾಷಿಂಗ್ಟನ್ ರಾಜ್ಯ 2025ರಲ್ಲಿ ಒಂದು ಕಾನೂನು ಮಾಡಿ, ನಗರಗಳಿಗೂ ಕೌಂಟಿಗಳಿಗೂ (ನಮ್ಮ ಜಿಲ್ಲೆಗಳಂಥವು) ಸುರಕ್ಷತೆಗೆ ಅಂತ ಶೇ 0.1 ಮಾರಾಟ ತೆರಿಗೆ ಹಾಕಲು ಬಿಟ್ಟಿತು. ಮತದಾನ ಬೇಡ, ಕೌನ್ಸಿಲ್ ಒಪ್ಪಿದರೆ ಸಾಕು. 2028ರ ಜೂನ್ ಒಳಗೆ ಮಾಡಿಕೊಳ್ಳಬೇಕು, ಪೊಲೀಸ್ ತರಬೇತಿ, ಬಲಪ್ರಯೋಗದ ನಿಯಮಗಳ ಬಗ್ಗೆ ಕೆಲವು ಷರತ್ತು ಪಾಲಿಸಿರಬೇಕು. ಸಿಯಾಟಲ್ ಇರುವ ಕಿಂಗ್ ಕೌಂಟಿ ತೆರಿಗೆ ಹಾಕಿತು, ಸಿಯಾಟಲ್ ನಗರವೂ ಹಾಕಿತು. ಎರಡೂ ಸೇರಿ ಸಿಯಾಟಲ್‌ನ ದರ ನೂರಕ್ಕೆ ಹತ್ತೂವರೆ ದಾಟಿದೆ. ಬೆಲ್‌ವ್ಯೂ, ರೆಡ್‌ಮಂಡ್‌ನಲ್ಲಿರುವ ನಮ್ಮವರ ಬಿಲ್ ಮೇಲೂ ಕೌಂಟಿಯ ಪಾಲು ಕೂತಿದೆ. ಅಲ್ಲಿ ದಿನಸಿಗೆ ತೆರಿಗೆ ಇಲ್ಲ ಅನ್ನುವುದೊಂದು ಸಮಾಧಾನ. ಅಕ್ಕಿಗೆ ಬೀಳುವುದಿಲ್ಲ, ಪ್ರೆಶರ್ ಕುಕ್ಕರಿಗೆ ಬೀಳುತ್ತದೆ.

ಸಿಯಾಟಲ್ ನಗರಕ್ಕೆ ಇದರಿಂದ ವರ್ಷಕ್ಕೆ ಸುಮಾರು 3.9 ಕೋಟಿ ಡಾಲರ್ ಬರುವ ಅಂದಾಜು. ಆಗಿನ ಮೇಯರ್ ಬ್ರೂಸ್ ಹ್ಯಾರೆಲ್ ಮಂಡಿಸಿದ ಬಜೆಟ್‌ನಲ್ಲಿ ಒಂದು ಪಾಲು ಹೊಸ ಕೆಲಸಕ್ಕೆ: ಮಾನಸಿಕ ತೊಂದರೆಯಲ್ಲಿರುವವರ ಕರೆಗೆ ಬಂದೂಕಿಲ್ಲದ ತಂಡ ಕಳಿಸುವುದು, ಮಾದಕ ವ್ಯಸನದ ಚಿಕಿತ್ಸೆ ಇತ್ಯಾದಿ. ಇನ್ನೊಂದು ಪಾಲು ಮೊದಲಿಂದ ನಡೆಯುತ್ತಿದ್ದ ಕೆಲಸಕ್ಕೇ ಹೋಗುತ್ತದೆ, ಆ ಕೆಲಸಕ್ಕೆ ಮೊದಲು ಕೊಡುತ್ತಿದ್ದ ಹಣ ಸಾಮಾನ್ಯ ಖಜಾನೆಯಲ್ಲಿ ಉಳಿಯುತ್ತದೆ. ಸಾಸಿವೆ ಡಬ್ಬಿ ಮತ್ತು 1,500 ರೂಪಾಯಿ. ಒಂದು ವ್ಯತ್ಯಾಸ ಅಂದರೆ ಇಲ್ಲಿ ಮುಚ್ಚುಮರೆ ಇಲ್ಲ, ಬಜೆಟ್ ಪುಸ್ತಕದಲ್ಲೇ ಬರೆದಿದೆ. ಆದರೆ ಯಾರೂ ಮತ ಹಾಕದಿದ್ದರೆ ಬಜೆಟ್ ಪುಸ್ತಕ ಓದುವವರು ಎಷ್ಟು ಮಂದಿ?

ಬೆಂಗಳೂರಿನವರು ಇದನ್ನು ಓದಿ ನಗಬಾರದು. ನಮ್ಮ ನಗರಗಳಿಗೆ ಮಾರಾಟ ತೆರಿಗೆಯ ಅಧಿಕಾರವೇ ಇಲ್ಲ. ಊರಿನ ಗಡಿಯಲ್ಲಿ ವಸೂಲಿ ಮಾಡುತ್ತಿದ್ದ ಆಕ್ಟ್ರಾಯ್ ಕರ್ನಾಟಕದಲ್ಲಿ 1979ರಲ್ಲೇ ಹೋಯಿತು. ಸುಂಕದಕಟ್ಟೆ ಅನ್ನುವ ಹೆಸರು ಮಾತ್ರ ಬಸ್ಸಿನ ಬೋರ್ಡ್ ಮೇಲೆ ಉಳಿದಿದೆ. ಆದರೆ ಮೀಸಲು ತೆರಿಗೆ ನಮಗೇನೂ ಹೊಸದಲ್ಲ. ಆಸ್ತಿ ತೆರಿಗೆ ರಸೀದಿಯ ಹಿಂದಿನ ಲೆಕ್ಕ ನೋಡಿ. ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಭಿಕ್ಷುಕರ ಪುನರ್ವಸತಿಗೆ ಅಂತ 1975ರ ಕಾನೂನಿನಡಿ ವಸೂಲಾಗುವ ಹಣ ಅದು. ಪಾಲಿಕೆ ವಸೂಲಿ ಮಾಡಿ ಆಯಾ ಇಲಾಖೆಗೆ ದಾಟಿಸಬೇಕು. ದಾಟಿಸದೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡ ಸುದ್ದಿಯನ್ನು ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಓದಿದ್ದೇವೆ. ಅಮೆರಿಕದಲ್ಲಿ ಡಬ್ಬಿ ಭದ್ರ, ಪಕ್ಕದ ಹುಂಡಿ ಕರಗುತ್ತದೆ. ನಮ್ಮಲ್ಲಿ ಡಬ್ಬಿಯೇ ಕರಗುತ್ತದೆ.

ಒಕ್ಲಹೋಮ ಸಿಟಿಗೆ ವಾಪಸ್ ಬರೋಣ. 2023ರ ಡಿಸೆಂಬರಿನಲ್ಲಿ ಅಲ್ಲಿನ ಜನ ಥಂಡರ್ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹೊಸ ಕ್ರೀಡಾಂಗಣ ಕಟ್ಟಲು ಒಪ್ಪಿದರು. 2028ರಲ್ಲಿ ಈಗಿನ ಮ್ಯಾಪ್ಸ್ ಮುಗಿದ ಮೇಲೆ ಆರು ವರ್ಷ ಅದೇ ಒಂದು ಸೆಂಟು ಕ್ರೀಡಾಂಗಣಕ್ಕೆ. ಕನಿಷ್ಠ 90 ಕೋಟಿ ಡಾಲರಿನ ಕಟ್ಟಡ. ಬಿಲ್ ಮೇಲಿನ ದರ ಬದಲಾಗುವುದಿಲ್ಲ, ಹಾಗಾಗಿ 'ತೆರಿಗೆ ಏರಿಕೆ ಇಲ್ಲ' ಅಂತ ಪ್ರಚಾರ ಮಾಡಲು ಅನುಕೂಲ. ಕ್ರೀಡಾಂಗಣದ ಸೆಂಟಿಗೆ ಕೊನೆಯ ದಿನ ಇದೆ. ಪೊಲೀಸ್-ಅಗ್ನಿಶಾಮಕದ ಮುಕ್ಕಾಲು ಸೆಂಟಿಗೆ ಇಲ್ಲ, ಮೃಗಾಲಯದ ಅರೆಕಾಲಿಗೂ ಇಲ್ಲ. 1989ರಲ್ಲಿ ಮತ ಹಾಕಿದವರಲ್ಲಿ ಎಷ್ಟೋ ಜನ ಈಗ ಇಲ್ಲ, ಆಗ ಹುಟ್ಟದೇ ಇದ್ದವರು ಈಗ ಮಕ್ಕಳನ್ನು ಕರೆದುಕೊಂಡು ಹಾಲು ಕೊಳ್ಳಲು ಬರುತ್ತಾರೆ. ಗಾಡಿ ತಳ್ಳಿಕೊಂಡು ಕೌಂಟರಿಗೆ ಬಂದರೆ ಆ ಮುಕ್ಕಾಲು ಸೆಂಟು ಇವತ್ತೂ ಬಿಲ್‌ಗೆ ಸೇರುತ್ತದೆ. ಬಿಲ್ ಮೇಲೆ ಅದರ ಹೆಸರಿಲ್ಲ, ಬರೀ 'ಟ್ಯಾಕ್ಸ್' ಅಂತಿರುತ್ತದೆ.